ಮೇಜಿಗಿಂತ ಉದ್ದದ ಜಾಬು: ಚಿಕ್ಕ ಸಿಎನ್‌ಸಿಯಲ್ಲಿ ಕಂತು ಕಂತಾಗಿ ಕೊರೆಯುವುದು

ಬೆಳಗಾವಿಯ ಉದ್ಯಮಬಾಗದ ಫೌಂಡ್ರಿಯೊಂದಕ್ಕೆ ಪ್ಯಾಟರ್ನ್ (ಮರಳಿನಲ್ಲಿ ಎರಕದ ಅಚ್ಚು ಮೂಡಿಸುವ ಮಾದರಿ) ಬೇಕಾಗಿದೆ ಎಂದುಕೊಳ್ಳಿ. ಎರಕದ ಉದ್ದ 416 ಮಿ.ಮೀ., ಅಗಲ 158. ಗ್ರೇ ಐರನ್ ತಣಿಯುವಾಗ ಹೆಚ್ಚುಕಡಿಮೆ ಶೇ. 1ರಷ್ಟು ಕುಗ್ಗುತ್ತದೆ. ಅದನ್ನು ಕೂಡಿಸಿದರೆ ಪ್ಯಾಟರ್ನ್ 420 × 160 ಆಗುತ್ತದೆ. ನಿಮ್ಮ ಮೇಜಿನ ಮೇಲಿರುವುದು 3018, ಅಂದರೆ ಕಂಪ್ಯೂಟರ್ ಹೇಳಿದಂತೆ ಕೊರೆಯುವ ಚಿಕ್ಕ ಸಿಎನ್‌ಸಿ ಯಂತ್ರ. ಹೆಸರಿಗೆ 300 × 180 ಮಿ.ಮೀ., ಲಿಮಿಟ್ ಸ್ವಿಚ್ ಕೂಡಿಸಿದ ಮೇಲೆ ಕೈಗೆ ಸಿಗುವುದು 285 × 170ರ ಆಸುಪಾಸು. ಪ್ಯಾಟರ್ನಿನ ಅಗಲವನ್ನು 285ರ ಕಡೆಗೆ ಇಡಬೇಕು (ಏಕೆಂದು ಮುಂದೆ ಹೇಳಿದೆ). ಅಗಲಕ್ಕೆ ಸಾಕು, ಉದ್ದಕ್ಕೆ ಉಳಿಯುವ 170 ಅರ್ಧವೂ ಸಾಲದು.

ಇಂಥ ಜಾಬನ್ನು, ಅಂದರೆ ಕೊರೆಯಬೇಕಾದ ತುಂಡನ್ನು, ಮೂರು ಕಂತಿನಲ್ಲಿ ಮುಗಿಸಬಹುದು. ಮೊದಲ 150 ಮಿ.ಮೀ. ಕೊರೆದು, ಹಲಗೆಯನ್ನು ಮುಂದಕ್ಕೆ ಸರಿಸಿ, ಮತ್ತೆ 150, ಮತ್ತೆ ಸರಿಸಿ ಉಳಿದದ್ದು. ಕೆಲಸ ಕೆಡುವುದು ಸರಿಸುವ ಹೊತ್ತಿನಲ್ಲಿ. ಸ್ಕೇಲ್ ಇಟ್ಟು ಸರಿಸಿದರೆ ಅರ್ಧ ಮಿಲಿಮೀಟರ್ ತಪ್ಪುತ್ತದೆ. ವರ್ನಿಯರ್ ಹಿಡಿದು ಸರಿಸಿದರೂ ಹಲಗೆ ಕೂದಲೆಳೆಯಷ್ಟು ತಿರುಗಿರುತ್ತದೆ, ಆ ತಿರುವು 150 ಮಿ.ಮೀ. ದೂರದಲ್ಲಿ ಮೆಟ್ಟಿಲಾಗಿ ಕಾಣುತ್ತದೆ. ಹಾಗಾಗಿ ಅಳೆದು ಸರಿಸುವ ಗೋಜೇ ಬೇಡ. ಜಾಬಿನ ಕೆಳಗೆ ಮೇಜಿಗೆ ಬಿಗಿದ ಅಡಿಹಲಗೆಯಲ್ಲಿ ಎರಡು ತೂತನ್ನು ಯಂತ್ರವೇ ಹಾಕಲಿ, ಜಾಬಿನಲ್ಲಿ ಎರಡು ತೂತನ್ನೂ ಅದೇ ಯಂತ್ರ ಹಾಕಲಿ. ಒಂದರ ಮೇಲೊಂದು ಕೂರಿಸಿ ಪಿನ್ ಇಳಿಸಿದರೆ ಸರಿಸಿದ ದೂರ ತಾನಾಗಿಯೇ ಸರಿಯಾಗಿರುತ್ತದೆ.

ಮೊದಲು ಯಂತ್ರ ನೋಡಿ

3018ರಲ್ಲಿ ವೈ ದಿಕ್ಕಿಗೆ ಮೇಜು ಹಿಂದೆ ಮುಂದೆ ಓಡುತ್ತದೆ, ಗ್ಯಾಂಟ್ರಿ (ಕಟರ್ ಹೊತ್ತ ಕಮಾನು) ನಿಂತಲ್ಲೇ ನಿಂತಿರುತ್ತದೆ. ಗ್ಯಾಂಟ್ರಿಯ ಎರಡು ಕಂಬಗಳ ನಡುವೆ ಹಲಗೆ ಆಚೆ ಈಚೆ ತೂರಬಹುದು. ಆದ್ದರಿಂದ ಉದ್ದ ಯಾವಾಗಲೂ ವೈ ಕಡೆಗೆ, ಅಗಲ ಎಕ್ಸ್ ಕಡೆಗೆ. ಎಕ್ಸ್ ಕಡೆಗೆ ಸರಿಸಲು ಹೋದರೆ ಕಂಬ ಅಡ್ಡ ಬರುತ್ತದೆ. ಹಲಗೆ ಹಾಯುವಾಗ ಮುಂದಿನ ಮತ್ತು ಹಿಂದಿನ ಫ್ರೇಮ್ ಪಟ್ಟಿ, ಹಿಂದಿನ ಮೋಟರ್, ವೈರು, ಇವು ಯಾವುದಕ್ಕೂ ತಾಗಬಾರದು. ಮೇಜನ್ನು ಎರಡೂ ತುದಿಗೆ ಓಡಿಸಿ, ಒಂದು ಉದ್ದ ರಟ್ಟು ಇಟ್ಟು ನೋಡಿ. ತಾಗಿದರೆ ಅಡಿಹಲಗೆಯನ್ನು ಇನ್ನಷ್ಟು ಎತ್ತರಿಸಬೇಕು, ಆಗ ಝಡ್‌ನಲ್ಲಿ, ಅಂದರೆ ಎತ್ತರದಲ್ಲಿ, ಅಷ್ಟು ಜಾಗ ಕಡಿಮೆಯಾಗುತ್ತದೆ. ಮೇಜು ನಿಶ್ಚಲವಾಗಿದ್ದು ಹಿಂದುಗಡೆ ಮುಚ್ಚಿರುವ ಯಂತ್ರಗಳಿಗೆ ಈ ವಿಧಾನ ಆಗದು. ಅವಕ್ಕೆ ತಿರುಗಿಸಿ ಇಡುವ ಉಪಾಯವಿದೆ, ಕೊನೆಯಲ್ಲಿ ಹೇಳಿದೆ.

ಸಾಮಾನು

ಅಡಿಹಲಗೆಗೆ 12 ಮಿ.ಮೀ. ಎಂಡಿಎಫ್ (ಮರದ ನಾರನ್ನು ಒತ್ತಿ ಮಾಡಿದ ಹಲಗೆ). ಪಿನ್ ಕೂರುವ ಜಾಗಕ್ಕೆ ಅಷ್ಟೇ ದಪ್ಪದ, 25 ಮಿ.ಮೀ. ಅಗಲದ ಹೈಲಂ (ರಾಳ ಸೇರಿಸಿ ಒತ್ತಿದ ಗಟ್ಟಿ ಶೀಟು) ಪಟ್ಟಿ. ಎಂಡಿಎಫ್‌ನಲ್ಲೇ ಪಿನ್ ತೂತು ಹಾಕುವವರಿದ್ದಾರೆ. ಹತ್ತು ಸಲ ಪಿನ್ ತೆಗೆದು ಹಾಕಿದರೆ ತೂತಿನ ಬಾಯಿ ಸಡಿಲವಾಗುತ್ತದೆ, ಆಮೇಲೆ ಎಷ್ಟು ನಿಖರವಾಗಿ ಕೊರೆದರೂ ವ್ಯರ್ಥ. ಹೈಲಂ ಸಿಗದಿದ್ದರೆ ಅಲ್ಯೂಮಿನಿಯಂ ಪಟ್ಟಿ ಆದೀತು. ಹೈಲಂ ಹುಡಿ ಗಂಟಲಿಗೂ ಪುಪ್ಪುಸಕ್ಕೂ ಒಳ್ಳೆಯದಲ್ಲ, ಕೊರೆಯುವಾಗ ಮಾಸ್ಕ್ ಮತ್ತು ವ್ಯಾಕ್ಯೂಮ್ ಬೇಕೇ ಬೇಕು.

6 ಮಿ.ಮೀ. ಎಚ್7 ಹ್ಯಾಂಡ್ ರೀಮರ್ (ಕೈಯಿಂದ ತಿರುಗಿಸಿ ತೂತನ್ನು ನಿಖರ ಅಳತೆಗೆ ತರುವ ಉಪಕರಣ) ಒಂದು. ಎಚ್7ರಂಥ ಗುರುತು ಟಾಲರನ್ಸ್, ಅಂದರೆ ಅಳತೆ ಎಷ್ಟು ಹೆಚ್ಚುಕಡಿಮೆ ಇರಬಹುದೆಂದು ಹೇಳುತ್ತದೆ. ಪಿನ್ ಎರಡು. ಅಂಗಡಿಯಲ್ಲಿ ಡೋವೆಲ್ ಎಂದು ಕೇಳಿದರೆ ಸಾಮಾನ್ಯವಾಗಿ ಎಂ6 ಟಾಲರನ್ಸಿನದು ಕೊಡುತ್ತಾರೆ (ಇಲ್ಲಿ ಎಂ6 ಎಂದರೆ ಬೋಲ್ಟಿನ ಅಳತೆಯಲ್ಲ). ಅದು 6.004ರಿಂದ 6.012 ಮಿ.ಮೀ. ಇರುತ್ತದೆ. ಎಚ್7 ತೂತು 6.000ರಿಂದ 6.012. ಹಾಗಾಗಿ ಅಂಥ ಡೋವೆಲ್ ಹೆಚ್ಚಾಗಿ ಸುತ್ತಿಗೆ ಏಟಿಗೆ ಮಾತ್ರ ಇಳಿಯುತ್ತದೆ, ಮೇಲೆ ಬರುವುದು ಕಷ್ಟ. ಬೇಕಾಗಿರುವುದು ಕೈಯಲ್ಲಿ ಜಾರಿ ಇಳಿಯುವ ಪಿನ್, ಅಂದರೆ ಎಚ್6 ಶಾಫ್ಟ್ (ಇದು ಇಂಗ್ಲಿಷಿನ ಸಣ್ಣ ಅಕ್ಷರದ h, ತೂತಿನದು ದೊಡ್ಡ ಅಕ್ಷರದ H), 5.992ರಿಂದ 6.000. ಅದನ್ನು ಹುಡುಕಿ ಅಲೆಯಬೇಕಾಗಿಲ್ಲ. 6 ಮಿ.ಮೀ. ಕಾರ್ಬೈಡ್ ಎಂಡ್ ಮಿಲ್‌ನ ಶ್ಯಾಂಕ್ (ಕಟರನ್ನು ಹಿಡಿಯುವ ಭಾಗ) ಸಾಮಾನ್ಯವಾಗಿ ಎಚ್6ಗೇ ಗ್ರೈಂಡ್ ಆಗಿರುತ್ತದೆ. ಮುರಿದ ಎರಡು ಕಟರ್ ಇದ್ದರೆ ಪಿನ್ ಸಿಕ್ಕಿದ ಹಾಗೇ. ಮೈಕ್ರೋಮೀಟರ್ ಹಿಡಿದು ಒಮ್ಮೆ ಖಾತ್ರಿ ಮಾಡಿಕೊಳ್ಳಿ. ಪಿನ್ನಿನ ಮೇಲ್ತುದಿ ಜಾಬಿನ ಮೇಲ್ಮೈಗಿಂತ 2 ಮಿ.ಮೀ. ಕೆಳಗೇ ಇರಬೇಕು. ಕಾರ್ಬೈಡ್ ಪಿನ್ನಿಗೆ ಓಡುವ ಕಟರ್ ತಾಗಿದರೆ ಎರಡೂ ಚೂರು.

ಜಾಬಿಗೆ 450 × 220 ಮಿ.ಮೀ. ಹಲಗೆ. 160ರ ಪ್ಯಾಟರ್ನಿಗೆ 220ರ ಹಲಗೆ ಏಕೆ ಎಂದರೆ ಎರಡೂ ಬದಿಯ 30 ಮಿ.ಮೀ. ಪಿನ್ ತೂತಿಗೆ ಮತ್ತು ಕ್ಲ್ಯಾಂಪಿಗೆ. ಅದು ಕೊನೆಗೆ ಕತ್ತರಿಸಿ ಬಿಸಾಡುವ ಭಾಗ. ಇಲ್ಲಿ ಜಿಪುಣತನ ಮಾಡಿ 180ರ ಹಲಗೆ ತಂದವರು ಕ್ಲ್ಯಾಂಪ್ ಎಲ್ಲಿ ಹಾಕುವುದೆಂದು ತಲೆ ಕೆರೆದುಕೊಳ್ಳುತ್ತಾರೆ.

ಅಡಿಹಲಗೆಯ ಅಂಚು

ಅಡಿಹಲಗೆ ಕೂರಿಸಿದ ಮೇಲೆ ಅರ್ಧ ಮಿಲಿಮೀಟರ್ ಮೇಲ್ಮೈ ಹೊಡೆದು ಸಮ ಮಾಡುವುದು ಎಲ್ಲರೂ ಮಾಡುವ ಕೆಲಸ. ಮೇಜಿನೊಳಗೇ ಕೂರುವ ಜಾಬಿಗೆ ಅಷ್ಟು ಸಾಕು. ಉದ್ದದ ಜಾಬಿಗೆ ಅದೇ ಮುಳುವಾಗುತ್ತದೆ. ಕಟರ್ ತಲುಪದ ಮುಂದಿನ ಮತ್ತು ಹಿಂದಿನ ಅಂಚು ಅರ್ಧ ಮಿಲಿಮೀಟರ್ ಎತ್ತರದಲ್ಲೇ ಉಳಿಯುತ್ತದೆ. ಉದ್ದದ ಹಲಗೆ ಆ ಎರಡು ಅಂಚಿನ ಮೇಲೆ ಸೇತುವೆಯಂತೆ ಕೂರುತ್ತದೆ, ನಡುವೆ ಟೊಳ್ಳು. ಕ್ಲ್ಯಾಂಪ್ ಬಿಗಿದರೆ ಬಾಗುತ್ತದೆ, ಬಿಚ್ಚಿದರೆ ನೆಟ್ಟಗಾಗುತ್ತದೆ, ಕೊರೆದ ಆಳ ಕಂತಿನಿಂದ ಕಂತಿಗೆ ಬದಲಾಗುತ್ತದೆ. ಅಡಿಹಲಗೆಯ ಉದ್ದವನ್ನು ಕಟರ್ ಓಡುವಷ್ಟಕ್ಕೇ ಕತ್ತರಿಸಿಕೊಳ್ಳಿ, ಕಟರ್ ಎರಡೂ ತುದಿಯಿಂದ ಹೊರಗೆ ಹಾಯಲಿ. ಇಲ್ಲವೇ ಉಳಿದ ಅಂಚನ್ನು ಉಳಿಯಿಂದ ಕೆತ್ತಿ ಒಂದು ಮಿಲಿಮೀಟರ್ ತಗ್ಗಿಸಿ. ಹೈಲಂ ಪಟ್ಟಿಯೂ ಅದೇ ಮಟ್ಟಕ್ಕೆ ಬರಬೇಕು, ಎರಡನ್ನೂ ಒಟ್ಟಿಗೆ ಹೊಡೆಯಿರಿ.

ಹೊರಗೆ ಚಾಚಿದ ಹಲಗೆಗೆ ಆಸರೆ ಬೇಕು. ಮೇಜು ಓಡಿದಂತೆ ಹಲಗೆಯೂ ಓಡುವುದರಿಂದ ಆಸರೆ ಜಾರುವಂತಿರಬೇಕು. ಸನ್ಮೈಕಾ ಅಂಟಿಸಿದ ಒಂದು ಸ್ಟ್ಯಾಂಡ್ ಸಾಕು, ಮೇಲೆ ಚೂರು ಮೇಣ ತಿಕ್ಕಿರಿ. ಅದರ ಎತ್ತರವನ್ನು ಕಾಗದ, ರಟ್ಟು ಕೊಟ್ಟು ಅಡಿಹಲಗೆಯ ಮಟ್ಟಕ್ಕೆ ತನ್ನಿ. ಒಂದು ಕಾಗದ ತುಸು ಬಿಗಿಯಾಗಿ ಎಳೆಯಲು ಬರುವಷ್ಟಿದ್ದರೆ ಸರಿ. ಆಸರೆ ಎತ್ತರವಾದರೆ ಜಾಬು ಅಡಿಹಲಗೆಯಿಂದ ಏಳುತ್ತದೆ. ಅದು ತಗ್ಗಾಗಿರುವುದಕ್ಕಿಂತಲೂ ಕೆಟ್ಟದ್ದು. 450 × 220 × 18ರ ಎಂಡಿಎಫ್ ಹಲಗೆ ಒಂದೂಕಾಲು ಕಿಲೋಗಿಂತ ಸ್ವಲ್ಪ ಹೆಚ್ಚು ತೂಗುತ್ತದೆ, ಅದೇ ಅಳತೆಯ 10 ಮಿ.ಮೀ. ಅಲ್ಯೂಮಿನಿಯಂ ಪ್ಲೇಟು ಸುಮಾರು 2.7 ಕಿಲೋ. ಪ್ಲೇಟು ಇಟ್ಟಾಗ ವೈ ಮೋಟರ್ ಹೆಜ್ಜೆ ತಪ್ಪಿಸಬಹುದು. ಯಂತ್ರ ನಡೆಸುವ ತಂತ್ರಾಂಶವಾದ ಜಿಆರ್‌ಬಿಎಲ್‌ನಲ್ಲಿ $121, ಅಂದರೆ ವೈ ವೇಗೋತ್ಕರ್ಷವನ್ನು ಅರ್ಧಕ್ಕಿಳಿಸಿ.

ಲೆಕ್ಕ

ಹೆಜ್ಜೆ 150 ಮಿ.ಮೀ. ಎಂದು ಇಟ್ಟುಕೊಳ್ಳೋಣ. ಓಟ 170 ಇರುವುದರಿಂದ, ತುದಿಗೆ 5 ಬಿಟ್ಟರೂ, 15 ಮಿ.ಮೀ. ಎರಡೂ ಕಂತಿಗೆ ಸೇರಿದ ಜಾಗವಾಗಿ ಉಳಿಯುತ್ತದೆ. ಅದು ಮುಂದೆ ಕೆಲಸಕ್ಕೆ ಬರುತ್ತದೆ. ಹಲಗೆಯ ಎಡ ಅಂಚನ್ನು ಎಕ್ಸ್ 0 ಎಂದು ಹಿಡಿದರೆ ಪಿನ್ ಇರುವುದು ಎಕ್ಸ್ 10 ಮತ್ತು ಎಕ್ಸ್ 210ರಲ್ಲಿ, ಎರಡೂ ವೈ 5ರಲ್ಲಿ. ಪ್ಯಾಟರ್ನ್ ಎಕ್ಸ್ 30ರಿಂದ 190ರವರೆಗೆ, ವೈ 5ರಿಂದ 425ರವರೆಗೆ. ಹಲಗೆಯ ಮುಂದಿನ ಅಂಚು ವೈ −10ರಲ್ಲಿ, ಹಿಂದಿನದು 440ರಲ್ಲಿ.

ಮೊದಲ ಕಂತಿನಲ್ಲಿ ಜಾಬಿಗೆ ಹಾಕುವ ತೂತು ವೈ 155ರಲ್ಲಿ. ಹಲಗೆಯನ್ನು 150 ಮುಂದಕ್ಕೆ ಎಳೆದಾಗ ಅವು ವೈ 5ರ ಪಿನ್ನಿನ ಮೇಲೆ ಬರುತ್ತವೆ. ಎರಡನೇ ಕಂತಿನ ತೂತು ಜಾಬಿನ ವೈ 305ರಲ್ಲಿ. ಮೂರನೇ ಕಂತಿಗೆ ತೂತು ಬೇಡ.

ಪಿನ್‌ಗಳನ್ನು ಹೀಗೆ ಅಡ್ಡಕ್ಕೆ, ಆದಷ್ಟು ದೂರ ಇಡುವುದು ಏಕೆ? ಎಚ್7 ತೂತು, ಎಚ್6 ಪಿನ್ ನಡುವೆ 0.02ರವರೆಗೆ ಸಡಿಲಿರಬಹುದು. ಪಟ್ಟಿಯಲ್ಲೊಂದು, ಜಾಬಿನಲ್ಲೊಂದು ಸೇರಿ 0.04. ಒಂದು ಪಿನ್ ಮುಂದಕ್ಕೂ ಇನ್ನೊಂದು ಹಿಂದಕ್ಕೂ ಪೂರ್ತಿ ಜರುಗಿತು ಅಂದುಕೊಂಡರೆ 200 ಮಿ.ಮೀ. ಅಂತರದಲ್ಲಿ 0.04 ತಿರುವು, 150 ಮಿ.ಮೀ. ದೂರದ ತುದಿಯಲ್ಲಿ 0.03. ಪಿನ್ ಅಂತರ 60 ಇದ್ದರೆ ಅದೇ 0.1 ಆಗುತ್ತಿತ್ತು. ಈ ಉಳಿದ 0.03ನ್ನೂ ತಗ್ಗಿಸಬೇಕೆಂದರೆ ಕ್ಲ್ಯಾಂಪ್ ಬಿಗಿಯುವ ಮುನ್ನ ಹಲಗೆಯನ್ನು ಪ್ರತಿಸಲವೂ ಒಂದೇ ಮೂಲೆಗೆ, ಮುಂದೆ ಮತ್ತು ಎಡಕ್ಕೆ, ಒತ್ತಿ ಹಿಡಿಯಿರಿ.

ಜಾಬಿನ ಎಡ ತೂತು ದುಂಡಗಿರಲಿ. ಬಲದ್ದನ್ನು ಎಕ್ಸ್ ದಿಕ್ಕಿಗೆ ಅರ್ಧ ಮಿಲಿಮೀಟರ್ ಉದ್ದ ಮಾಡಿ, 6 × 6.5ರ ಕಿಂಡಿ. ಎರಡೂ ದುಂಡಗಿದ್ದರೆ, ಹಲಗೆ ಅಡ್ಡಕ್ಕೆ ಸ್ವಲ್ಪ ಹಿಗ್ಗಿದರೂ ಪಿನ್ ಇಳಿಯುವುದಿಲ್ಲ, ಬಡಿದು ಇಳಿಸಿದರೆ ತೂತು ಕೆಡುತ್ತದೆ. ಬೆಳಗಾವಿಯ ಮಳೆಗಾಲದಲ್ಲಿ ಇದು ಊಹೆಯ ಮಾತಲ್ಲ. ಮರ ನಾರಿನ ಉದ್ದಕ್ಕೆ ಹಿಗ್ಗುವುದು ನಗಣ್ಯ, ಅಡ್ಡಕ್ಕೆ ಹಾಗಲ್ಲ. ಸಾಗುವಾನಿಯಂಥ ಸ್ಥಿರ ಮರವೂ, ತೇವಾಂಶ ನಾಲ್ಕು ಶೇಕಡಾ ಏರಿದರೆ 200 ಮಿ.ಮೀ. ಅಗಲದ ಹಲಗೆಯಲ್ಲಿ ಒಂದು ಮಿಲಿಮೀಟರಿಗೂ ಹೆಚ್ಚು ಬೆಳೆಯಬಹುದು. ಆದ್ದರಿಂದ ನಾರು ವೈ ಉದ್ದಕ್ಕೇ ಇರಲಿ, ಮೂರೂ ಕಂತು ಒಂದೇ ದಿನ ಮುಗಿಯಲಿ. ವಿಜಯಪುರ, ಬಾಗಲಕೋಟೆಯ ಬೇಸಿಗೆಯಲ್ಲಿ ತಗಡಿನ ಶೆಡ್ಡಿನೊಳಗೆ ಅಲ್ಯೂಮಿನಿಯಂ ಕೊರೆಯುವವರಿಗೆ ಬೇರೆ ಲೆಕ್ಕ. 10 ಡಿಗ್ರಿ ಏರಿದರೆ 300 ಮಿ.ಮೀ. ಪ್ಲೇಟು 0.07 ಹಿಗ್ಗುತ್ತದೆ. ಬೆಳಿಗ್ಗೆ ಒಂದು ಕಂತು, ಮಧ್ಯಾಹ್ನ ಊಟವಾದ ಮೇಲೆ ಇನ್ನೊಂದು ಎಂದರೆ ಆ ಹಿಗ್ಗು ಎರಡು ಕಂತು ಕೂಡುವ ಸಂದಿನಲ್ಲಿ ಸಿಗುತ್ತದೆ.

ಇನ್ನು ಆಫ್‌ಸೆಟ್, ಅಂದರೆ ಯಂತ್ರದ ಸೊನ್ನೆಯಿಂದ ಜಾಬಿನ ಮೂಲಬಿಂದುವಿಗಿರುವ ದೂರ. ಪೂರ್ತಿ ಚಿತ್ರವನ್ನು ಒಂದೇ ಮೂಲಬಿಂದುವಿನಿಂದ ಬರೆಯಿರಿ, ಕಂತಿಗೊಂದು ಮೂಲಬಿಂದು ಎಂದು ಚಿತ್ರದಲ್ಲಿ ತಿದ್ದಬೇಡಿ. ಯಂತ್ರದಲ್ಲೇ ಜಿ54, ಜಿ55, ಜಿ56 ಎಂಬ ಮೂರು ಆಫ್‌ಸೆಟ್ ಕಂತಿಗೊಂದರಂತೆ ಇಟ್ಟುಕೊಳ್ಳಿ. ಹೋಮಿಂಗ್ (ಸ್ವಿಚ್ ಮುಟ್ಟಿ ಯಂತ್ರ ತನ್ನ ಸೊನ್ನೆ ಗುರುತಿಸುವುದು) ಆದ ಮೇಲೆ ಜಿ54ರ ಮೂಲ ಯಂತ್ರದ ಲೆಕ್ಕದಲ್ಲಿ ಎಕ್ಸ್ −250, ವೈ −168, ಝಡ್ −42 ಎಂದು ಬಂತೆನ್ನಿ. ಆಗ ಟೈಪ್ ಮಾಡಬೇಕಾದ್ದು:

ಜಿ10 ಎಲ್2 ಪಿ1 ಎಕ್ಸ್−250 ವೈ−168 ಝಡ್−42
ಜಿ10 ಎಲ್2 ಪಿ2 ಎಕ್ಸ್−250 ವೈ−318 ಝಡ್−42
ಜಿ10 ಎಲ್2 ಪಿ3 ಎಕ್ಸ್−250 ವೈ−468 ಝಡ್−42

(ಯಂತ್ರಕ್ಕೆ ಕೊಡುವಾಗ ಇವು ಇಂಗ್ಲಿಷ್ ಅಕ್ಷರದಲ್ಲೇ ಇರಬೇಕು.) ಹಲಗೆ ಮುಂದಕ್ಕೆ ಬಂದಷ್ಟೂ ಮೂಲ ಮುಂದಕ್ಕೆ, ಅಂದರೆ ವೈ 150 ಕಡಿಮೆ. ಕಳೆಯುವ ಬದಲು ಕೂಡಿಸುವುದು ಇಲ್ಲಿ ಬಹಳ ಜನ ಮಾಡುವ ತಪ್ಪು. ಎರಡನೇ ಕಂತಿನಲ್ಲಿ ಜಿ55 ಕೊಟ್ಟು, ಕಟರ್ ಮೇಲೆತ್ತಿ ವೈ 155, ಎಕ್ಸ್ 10ಕ್ಕೆ ಓಡಿಸಿ. ಸ್ಪಿಂಡಲ್ (ಕಟರ್ ತಿರುಗಿಸುವ ಭಾಗ) ಎಡ ಪಿನ್ನಿನ ನೆತ್ತಿಯ ಮೇಲೆ ನಿಂತರೆ ಲೆಕ್ಕ ಸರಿ.

ಯಂತ್ರ ಸೊಟ್ಟಗಿದ್ದರೂ ಸಂದು ಏಕೆ ಕೂಡುತ್ತದೆ

ಯಂತ್ರಕ್ಕೆ 150 ಎಂದರೆ ಅದು 150.3 ಓಡುತ್ತದೆ ಎನ್ನಿ. ಪಟ್ಟಿಯ ತೂತಿಗೂ ಜಾಬಿನ ತೂತಿಗೂ ನಡುವಿನ ದೂರವೂ 150.3 ಆಗಿರುತ್ತದೆ. ಕೊರೆದ ಗೆರೆಯೂ ಅಷ್ಟೇ. ಎಲ್ಲವೂ ಒಂದೇ ಸುಳ್ಳು ಹೇಳುವುದರಿಂದ ಸಂದು ಕೂಡುತ್ತದೆ. ಎಕ್ಸ್ ಮತ್ತು ವೈ ನಡುವೆ 90 ಡಿಗ್ರಿ ಇಲ್ಲದಿದ್ದರೂ ಹಾಗೆಯೇ. ಹಲಗೆ ಸರಿಯುವುದು ಯಂತ್ರದ ವೈ ಯಾವ ಕಡೆಗೆ ವಾಲಿದೆಯೋ ಅದೇ ದಿಕ್ಕಿಗೆ. ಇದೇ ಜಾಬನ್ನು ಅಂಚಿಗೆ ಒಂದು ಪಟ್ಟಿ ಬಿಗಿದು, ಅದಕ್ಕೆ ಒತ್ತಿ ಸರಿಸಿದರೆ, ಆ ಪಟ್ಟಿ ವೈಯಿಂದ 0.1 ಡಿಗ್ರಿ ಓರೆಯಾದರೂ ಪ್ರತಿ ಹೆಜ್ಜೆಗೆ 0.26 ಮಿ.ಮೀ. ಮೆಟ್ಟಿಲು ಬೀಳುತ್ತದೆ.

ಹಾಗೆಂದು ಪಿನ್ ಹಾಕಿದ ಮಾತ್ರಕ್ಕೆ ಜಾಬು ಸರಿಯಾಯಿತು ಎನ್ನಲಾಗದು. ಸಂದು ಕಾಣದಿದ್ದರೂ 420ರ ಪ್ಯಾಟರ್ನ್ 420.84 ಆಗಿರುತ್ತದೆ, ಇಲ್ಲವೇ ಆಯತ ಓರೆಯಾಗಿರುತ್ತದೆ. ಮೊದಲೇ ನೋಡಿಕೊಳ್ಳಲು ರಟ್ಟಿನ ಮೇಲೆ 200 × 150ರ ನಾಲ್ಕು ಮೂಲೆಗೆ ಸಣ್ಣ ಚುಕ್ಕೆ ಹೊಡೆಯಿರಿ. ಎರಡೂ ಕರ್ಣ 250 ಬರಬೇಕು. 0.1 ಡಿಗ್ರಿ ಓರೆಗೆ ಕರ್ಣಗಳ ವ್ಯತ್ಯಾಸ 0.42 ಮಿ.ಮೀ. ಬರುತ್ತದೆ, ಗ್ಯಾಂಟ್ರಿಯ ಬೋಲ್ಟ್ ಸಡಿಲಿಸಿ ತಿದ್ದಿ. ಉದ್ದದ ತಪ್ಪಿಗೆ $101, ಅಂದರೆ ವೈನಲ್ಲಿ ಒಂದು ಮಿಲಿಮೀಟರಿಗೆ ಮೋಟರ್ ಇಡುವ ಹೆಜ್ಜೆ: ಈಗಿರುವ ಸಂಖ್ಯೆಯನ್ನು ಕೇಳಿದ ದೂರದಿಂದ ಗುಣಿಸಿ, ಓಡಿದ ದೂರದಿಂದ ಭಾಗಿಸಿ. 800 ಇದ್ದು 150.3 ಓಡಿದರೆ ಹೊಸ ಸಂಖ್ಯೆ 798.4.

ಕೊರೆಯುವ ಕ್ರಮ

1. ಜಾಬು ಇಡದೆ, ಹೈಲಂ ಪಟ್ಟಿಯಲ್ಲಿ ವೈ 5ರ ಎರಡು ತೂತು. 3 ಮಿ.ಮೀ. ಕಟರಿನಿಂದ ಸುರುಳಿ ಇಳಿಸಿ 5.85ಕ್ಕೆ ನಿಲ್ಲಿಸಿ, ಉಳಿದದ್ದು ಹ್ಯಾಂಡ್ ರೀಮರ್. ಪೂರ್ತಿ 6 ಯಂತ್ರದಲ್ಲೇ ತೆಗೆಯಲು ಹೋದರೆ ಬ್ಯಾಕ್‌ಲ್ಯಾಶಿನಿಂದ (ದಿಕ್ಕು ಬದಲಿಸುವಾಗ ಯಂತ್ರದಲ್ಲಿರುವ ಸಡಿಲದಿಂದ) ತೂತು ಮೊಟ್ಟೆಯಾಕಾರ ಬರುತ್ತದೆ. ರೀಮರನ್ನು ಸ್ಪಿಂಡಲಿಗೆ ಸಿಕ್ಕಿಸಬೇಡಿ, ಅದರ 775 ಮೋಟರ್ ಅಷ್ಟು ನಿಧಾನ ತಿರುಗಲಾರದು.

2. ಪಿನ್ ಇಲ್ಲದೆ ಜಾಬು ಇಟ್ಟು ಎರಡೂ ಬದಿಗೆ, ವೈ 40 ಮತ್ತು 120ರ ಬಳಿ ಕ್ಲ್ಯಾಂಪ್ ಬಿಗಿಯಿರಿ. ಜಿ54ರಲ್ಲಿ ವೈ 5 ಮತ್ತು ವೈ 155ರ ನಾಲ್ಕೂ ತೂತು ಮೊದಲು ಹಾಕಿ. ವೈ 5ರದ್ದು ಈಗ ಬೇಡದಿದ್ದರೂ ಹಾಕಿ. ಮೊದಲ ಕಂತಿಗೆ ಮರಳಿ ಬರಬೇಕಾದರೆ ಅದೊಂದೇ ದಾರಿ. ಪ್ರತಿ ತೂತಿಗೂ ಸ್ಪಿಂಡಲ್ ಒಂದೇ ಕಡೆಯಿಂದ ಬರಲಿ. ಸಾಮಾನ್ಯ ಜಿಆರ್‌ಬಿಎಲ್‌ನಲ್ಲಿ ಬ್ಯಾಕ್‌ಲ್ಯಾಶ್ ಸರಿದೂಗಿಸುವ ಸೌಲಭ್ಯ ಇಲ್ಲ.

3. ಎಂಡಿಎಫ್ ಆಗಿದ್ದರೆ ತೂತಿನ ಗೋಡೆಗೆ ಒಂದೊಂದು ಹನಿ ಫೆವಿಕ್ವಿಕ್ ಹಾಕಿ, ಒಣಗಿದ ಮೇಲೆ ರೀಮ್ ಮಾಡಿ. ಇಲ್ಲದಿದ್ದರೆ ಅಂಚು ಹತ್ತಿಯಂತೆ ಉದುರುತ್ತದೆ.

4. ಮೊದಲ ಕಂತಿನ ಒಳಕೆಲಸವೆಲ್ಲ ಮುಗಿಸಿ. ಹೊರ ಅಂಚು ಕತ್ತರಿಸುವಾಗ 5 ಮಿ.ಮೀ. ಅಗಲ, 1.5 ಮಿ.ಮೀ. ದಪ್ಪದ ಮೂರು ನಾಲ್ಕು ಕೊಂಡಿ ಬಿಡಿ. ಪ್ಯಾಟರ್ನ್ ಬಿಡಿಯಾದರೆ ಪಿನ್ ಹಿಡಿದದ್ದು ಬರೀ ಚೌಕಟ್ಟು.

5. ಕ್ಲ್ಯಾಂಪ್ ಬಿಚ್ಚಿ, ಹಲಗೆ ಪೂರ್ತಿ ಎತ್ತಿ. ಎಳೆದು ಸರಿಸಬೇಡಿ. ಅಡಿಹಲಗೆ, ಹಲಗೆಯ ಕೆಳಮೈ, ತೂತು, ಎಲ್ಲ ಬ್ರಷ್ ಮತ್ತು ವ್ಯಾಕ್ಯೂಮಿನಿಂದ ಗುಡಿಸಿ. ಪಿನ್ ಇಳಿಸಿ, ವೈ 155ರ ತೂತನ್ನು ಅದರ ಮೇಲೆ ಕೂರಿಸಿ, ಮೂಲೆಗೊತ್ತಿ ಬಿಗಿಯಿರಿ. ಜಿ55. ಮೊದಲು ವೈ 305ರ ತೂತು, ಆಮೇಲೆ ಕೊರೆತ.

ಝಡ್ ಸೊನ್ನೆಯನ್ನು ಪ್ರತಿ ಕಂತಿನಲ್ಲೂ ಜಾಬಿನ ಮೇಲ್ಮೈಗೆ ಮುಟ್ಟಿಸಿ ತೆಗೆಯುವುದು ಬೇಡ. ಹಲಗೆಯ ದಪ್ಪ ಒಂದು ತುದಿಗೆ 18.0, ಇನ್ನೊಂದಕ್ಕೆ 18.3 ಇರುವುದು ಮಾಮೂಲು, ಆ ವ್ಯತ್ಯಾಸ ಮೆಟ್ಟಿಲಾಗಿ ಇಳಿಯುತ್ತದೆ. ಸೊನ್ನೆ ಯಾವಾಗಲೂ ಅಡಿಹಲಗೆಯಲ್ಲಿ, ಒಂದೇ ಗುರುತಿನ ಜಾಗದಲ್ಲಿ. ಕಟರ್ ಬದಲಾಯಿಸಿದರೂ ಅಲ್ಲೇ ಮುಟ್ಟಿಸಿ.

ವೇಗದ ಬಗ್ಗೆ ಹೆಚ್ಚು ಹೇಳುವುದಿಲ್ಲ, ಯಂತ್ರದ ಬಿಗಿಯನ್ನು ಅವಲಂಬಿಸಿದ ಮಾತು. ಎಂಡಿಎಫ್‌ಗೆ 3.175 ಮಿ.ಮೀ. ಎರಡು ಅಲಗಿನ ಕಟರ್, ಒಂದು ಸಲಕ್ಕೆ 1 ಮಿ.ಮೀ. ಆಳ, ನಿಮಿಷಕ್ಕೆ 800 ಮಿ.ಮೀ. ಓಟದಿಂದ ಶುರು ಮಾಡಿ. ಅಲ್ಯೂಮಿನಿಯಂಗೆ 3 ಮಿ.ಮೀ. ಒಂಟಿ ಅಲಗು, 0.15 ಆಳ, ನಿಮಿಷಕ್ಕೆ 300, ಸೀಮೆಎಣ್ಣೆ ಇಲ್ಲವೇ ಸ್ಪಿರಿಟ್ ಬದಲು ಕಟಿಂಗ್ ಆಯಿಲ್ ಹನಿ. ಬ್ರಷ್ ಇರುವ ಮೋಟರ್ ಕಿಡಿ ಹಾರಿಸುತ್ತದೆ ಎನ್ನುವುದು ನೆನಪಿರಲಿ.

ಸಂದು ಎಲ್ಲಿ ಬೀಳಬೇಕು

150ರಿಂದ 165ರವರೆಗಿನ 15 ಮಿ.ಮೀ. ಜಾಗ ಎರಡೂ ಕಂತಿಗೆ ಸಿಗುತ್ತದೆ ಎಂದೆವಲ್ಲ, ಸಂದನ್ನು ಅದರೊಳಗೆ ಎಲ್ಲಿ ಬೇಕಾದರೂ ಇಡಬಹುದು. ನೇರ ಉದ್ದ ಗೋಡೆಯ ನಡುವೆ ಇಡಬೇಡಿ, ಅಲ್ಲಿ 0.05ರ ಮೆಟ್ಟಿಲೂ ಉಗುರಿಗೆ ಸಿಗುತ್ತದೆ. ರಿಬ್ ಕೂಡುವ ಮೂಲೆ, ಬಾಸ್‌ನ (ದುಂಡು ಉಬ್ಬಿನ) ಬುಡ, ತಿರುವು ಶುರುವಾಗುವ ಜಾಗ ಹುಡುಕಿ. ಬೇಕಾದರೆ ಸಂದು ಅಂಕುಡೊಂಕಾಗಿಯೂ ಹೋಗಲಿ, ಕ್ಯಾಮ್‌ನಲ್ಲಿ (ಕಟರಿನ ದಾರಿ ಬರೆಯುವ ತಂತ್ರಾಂಶದಲ್ಲಿ) ಗಡಿಗೆರೆಯನ್ನು ಹಾಗೆ ಎಳೆದರಾಯಿತು.

ಬಾಲ್ ನೋಸ್ (ದುಂಡು ಮೂತಿಯ ಕಟರ್) ಹಾಕಿ ಉಬ್ಬುತಗ್ಗಿನ ಮೇಲ್ಮೈ ಹೊಡೆಯುವಾಗ ಗೆರೆಗಳು ಎಕ್ಸ್ ದಿಕ್ಕಿಗೆ ಓಡಲಿ. ಆಗ ಸಂದು ಎರಡು ಗೆರೆಗಳ ನಡುವೆ ಬಿದ್ದು, ಉಳಿದ ನೂರಾರು ಗೆರೆಗಳಂತೆಯೇ ಕಾಣುತ್ತದೆ. ವೈ ದಿಕ್ಕಿಗೆ ಓಡಿಸಿದರೆ ಪ್ರತಿ ಗೆರೆಯೂ ಸಂದಿನಲ್ಲಿ ಕೊನೆಯಾಗಿ, ಇನ್ನೊಂದು ಅಲ್ಲಿಂದಲೇ ಶುರುವಾಗಿ, ಅಗಲ ಪಟ್ಟೆಯೊಂದು ಎದ್ದು ಕಾಣುತ್ತದೆ.

ಗೋಡೆಗಳಿಗೆ ಮರದಲ್ಲಿ ಒಂದು ರೀತಿ, ಲೋಹದಲ್ಲಿ ಇನ್ನೊಂದು. ಮರದಲ್ಲಿ ಸಂದಿನ ಆಚೀಚೆ 3 ಮಿ.ಮೀ. ಭಾಗದಲ್ಲಿ 0.15 ಮೈ ಉಳಿಸಿ, ಮರಳುಕಾಗದದಿಂದ ಕೂಡಿಸಿ. ಹೆಚ್ಚು ಕೊರೆದದ್ದಕ್ಕೆ ಪುಟ್ಟಿ ಮೆತ್ತಬೇಕು, ಕಡಿಮೆ ಕೊರೆದದ್ದಕ್ಕೆ ಬರೀ ಕಾಗದ ಸಾಕು. ಅಲ್ಯೂಮಿನಿಯಂನಲ್ಲಿ ಎರಡೂ ಕಂತಿನ ಫಿನಿಶಿಂಗ್ ಗೆರೆ ಸಂದನ್ನು 3 ಮಿ.ಮೀ. ದಾಟಲಿ, ಒಳಬರುವುದೂ ಹೊರಹೋಗುವುದೂ ಸಣ್ಣ ಕಮಾನಿನಲ್ಲಿ. ನೇರ ಹೋಗಿ ನಿಂತರೆ ಕಟರ್ ನಿಂತ ಜಾಗದಲ್ಲಿ ಗುಳಿ ಬೀಳುತ್ತದೆ.

ಪ್ಯಾಟರ್ನಿನ ಮಟ್ಟಿಗೆ ಒಂದು ಸಮಾಧಾನ: ಗೋಡೆಯ ಮೇಲಿನ ಸಂದಿನ ಮೆಟ್ಟಿಲು ಕೆಳಗಿನಿಂದ ಮೇಲಕ್ಕೆ ನೆಟ್ಟಗೆ ಹೋಗುತ್ತದೆ, ಪ್ಯಾಟರ್ನ್ ಎತ್ತುವ ದಿಕ್ಕೂ ಅದೇ. ಒಂದೂವರೆ ಎರಡು ಡಿಗ್ರಿ ಡ್ರಾಫ್ಟ್ (ಗೋಡೆಯ ಓರೆ) ಇದ್ದರೆ ಅದು ಮರಳನ್ನು ಕೀಳುವುದಿಲ್ಲ, ಎರಕದ ಮೇಲೆ ಗೆರೆಯೊಂದು ಮೂಡುತ್ತದೆ ಅಷ್ಟೆ.

ಮನೆಯಲ್ಲೇ ವರ್ನಿಯರ್

ಸಾಗುವಾನಿ ಹಾಕುವ ಮುನ್ನ ಅದೇ ಅಳತೆಯ ಹಳೆ ಎಂಡಿಎಫ್ ತುಂಡಿನಲ್ಲಿ ಪೂರ್ತಿ ನಾಟಕ ಒಮ್ಮೆ ಆಡಿ. ವಿ ಬಿಟ್ ಹಾಕಿ, ಸಂದಿನ ಹತ್ತಿರ ಮೊದಲ ಕಂತಿನಲ್ಲಿ 1.0 ಮಿ.ಮೀ. ಅಂತರದ 11 ಗೆರೆ ಎಳೆಯಿರಿ. ಎರಡನೇ ಕಂತಿನಲ್ಲಿ ಅವಕ್ಕೆ ಎದುರಾಗಿ 0.9 ಮಿ.ಮೀ. ಅಂತರದ 11 ಗೆರೆ, ಎರಡರ ನಡುಗೆರೆಯೂ ಒಂದೇ ಸ್ಥಾನದಲ್ಲಿರುವಂತೆ. ತಪ್ಪಿಲ್ಲದಿದ್ದರೆ ನಡುಗೆರೆ ನಡುಗೆರೆಗೆ ಕೂಡುತ್ತದೆ. ನಡುವಿನಿಂದ ಎರಡನೆಯದು ಕೂಡಿದ್ದರೆ ತಪ್ಪು 0.2 ಮಿ.ಮೀ. ಭೂತಗನ್ನಡಿ ಹಿಡಿದರೆ 0.05ರವರೆಗೂ ಓದಬಹುದು. ಇಂಥ ಬಾಚಣಿಗೆ ಮೂರು ಬೇಕು: ಎಕ್ಸ್ ತಪ್ಪಿಗೆ ಒಂದು, ವೈ ತಪ್ಪಿಗೆ ಎಡಕ್ಕೊಂದು, ಬಲಕ್ಕೊಂದು.

ಎಡ ಬಲ ಎರಡೂ ವೈ ಬಾಚಣಿಗೆ ಒಂದೇ ತಪ್ಪು ತೋರಿಸಿದರೆ ಹಲಗೆ ತಿರುಗಿಲ್ಲ, ಆಫ್‌ಸೆಟ್ ಅಥವಾ ಬ್ಯಾಕ್‌ಲ್ಯಾಶ್ ಕಾರಣ. ಅಷ್ಟನ್ನು ಜಿ55ರ ವೈನಲ್ಲಿ ತಿದ್ದಿದರೆ ಮುಗಿಯಿತು. ಎಡಕ್ಕೆ ಸೊನ್ನೆ, ಬಲಕ್ಕೆ 0.2 ಬಂದರೆ ತಿರುಗಿದೆ. ಪಿನ್ ಸಡಿಲ, ತೂತಿನೊಳಗೆ ಹುಡಿ, ಅಥವಾ ಕ್ಲ್ಯಾಂಪ್ ಬಿಗಿಯುವಾಗ ಜರುಗಿದ್ದು. ಆಫ್‌ಸೆಟ್ ತಿದ್ದಿ ಇದನ್ನು ಸರಿಪಡಿಸಲಾಗದು. ಎಕ್ಸ್ ಮಾತ್ರ ತಪ್ಪಿದ್ದರೆ ಹೆಚ್ಚಾಗಿ ದುಂಡು ತೂತು ಮತ್ತು ಕಿಂಡಿ ಅದಲುಬದಲಾಗಿರುತ್ತವೆ.

ಕರೆಂಟ್ ಹೋದರೆ

ನಡುವೆ ಕರೆಂಟ್ ಹೋಗುವುದು ಇದ್ದದ್ದೇ. $1=255 ಇಟ್ಟರೆ ಮೋಟರ್‌ಗಳು ಖಾಲಿ ನಿಂತಾಗಲೂ ಬಿಗಿಯಾಗಿರುತ್ತವೆ, ಕ್ಲ್ಯಾಂಪ್ ಬಿಗಿಯುವಾಗ ಮೇಜು ಜರುಗುವುದಿಲ್ಲ. ಆದರೆ ವಿದ್ಯುತ್ತೇ ಹೋದ ಮೇಲೆ ಅದರಿಂದ ಪ್ರಯೋಜನವಿಲ್ಲ. ಮತ್ತೆ ಹೋಮಿಂಗ್ ಮಾಡಿದರೆ ಆಫ್‌ಸೆಟ್‌ಗಳು ಹಾಗೇ ಇರುತ್ತವೆ, ಜಿಆರ್‌ಬಿಎಲ್ ಅವನ್ನು ನೆನಪಿಟ್ಟುಕೊಳ್ಳುತ್ತದೆ. ಆದರೆ ಅಗ್ಗದ ಸ್ವಿಚ್ ಪ್ರತಿಸಲ ಒಂದೇ ಜಾಗದಲ್ಲಿ ಒತ್ತುವುದಿಲ್ಲ. ಹೋಮಿಂಗ್ ನಂಬದೆ ಪಟ್ಟಿಯ ತೂತನ್ನೇ ನಂಬಿ. ಜಾಬು ತೆಗೆದು, ಸ್ಪಿಂಡಲಿನ ಇಆರ್11 ಹಿಡಿಗೆ 6 ಮಿ.ಮೀ. ಕೋಲೆಟ್ ಹಾಕಿ, ಅದರಲ್ಲಿ ಪಿನ್ ಸಿಕ್ಕಿಸಿ ತೂತಿನೊಳಕ್ಕೆ ನಿಧಾನ ಇಳಿಸಿ ನೋಡಿ. ಸಲೀಸಾಗಿ ಇಳಿದರೆ ಅದೇ ಎಕ್ಸ್ 10, ವೈ 5. ಲಿವರ್ ಡಯಲ್ ಇದ್ದವರು ತೂತಿನೊಳಗೆ ಸುತ್ತಿಸಿ ನೋಡಿದರೆ ಇನ್ನೂ ಒಳ್ಳೆಯದು. ಹೋಮಿಂಗ್ ಸ್ವಿಚ್ಚೇ ಇಲ್ಲದ ಯಂತ್ರಕ್ಕೂ ಇದೇ ದಾರಿ.

ಹಾಯಲು ಜಾಗ ಇಲ್ಲದ ಯಂತ್ರಕ್ಕೆ

ಹಿಂದೆ ಮುಚ್ಚಿದ, ಮುಂದೆ ತೆರೆದ ಯಂತ್ರದಲ್ಲಿ ಜಾಬನ್ನು 180 ಡಿಗ್ರಿ ತಿರುಗಿಸಿ ಇಟ್ಟು ಎರಡರಷ್ಟು ಉದ್ದ ತಲುಪಬಹುದು. ಜಾಬಿನ ಮಧ್ಯರೇಖೆಯ ಮೇಲೆ ಎರಡು ತೂತು, ಅಡಿಹಲಗೆಯಲ್ಲಿ ಅದೇ ಜಾಗದಲ್ಲಿ ಎರಡು ಪಿನ್. ಒಂದು ಅರ್ಧ ಮುಗಿಸಿ, ತಿರುಗಿಸಿ, ಎಡ ತೂತು ಬಲ ಪಿನ್ನಿಗೆ. ಚಿತ್ರದ ಮೂಲಬಿಂದು ಎರಡು ಪಿನ್‌ಗಳ ಸರಿ ನಡುವೆ ಇರಬೇಕು. ಅದು 0.1 ತಪ್ಪಿದರೆ ಸಂದಿನಲ್ಲಿ 0.2 ಕಾಣುತ್ತದೆ. ಎಕ್ಸ್ ವೈ ಓರೆಯಾಗಿದ್ದರೆ ಇಲ್ಲೂ ಸಂದು ಕೂಡುತ್ತದೆ, ಏಕೆಂದರೆ ಓರೆ ಚೌಕವನ್ನು ಅರ್ಧ ಸುತ್ತು ತಿರುಗಿಸಿದರೆ ಅದೇ ಓರೆ ಚೌಕ. ಜಾಬನ್ನು ಮಗುಚಿ ಹಾಕಿದರೆ ಮಾತ್ರ ಆ ಓರೆ ಇಮ್ಮಡಿಯಾಗಿ ಎದುರಾಗುತ್ತದೆ, ಎರಡೂ ಮೈ ಕೊರೆಯುವವರು ಎಚ್ಚರ. ಜಿಆರ್‌ಬಿಎಲ್‌ಗೆ ಚಿತ್ರ ತಿರುಗಿಸುವ ಜಿ68 ಆದೇಶ ಗೊತ್ತಿಲ್ಲ, ತಿರುಗಿಸುವುದನ್ನು ಕ್ಯಾಮ್‌ನಲ್ಲೇ ಮಾಡಿಕೊಳ್ಳಿ.

ನಾಲ್ಕೈದು ಕಂತು ದಾಟುವ ಜಾಬಿಗೆ ಈ ವಿಧಾನ ಹಿಡಿಯುವುದರಲ್ಲಿ ಅರ್ಥವಿಲ್ಲ. ಪ್ರತಿ ಹೆಜ್ಜೆಯ ತಪ್ಪು ಮುಂದಿನದಕ್ಕೆ ಕೂಡುತ್ತಾ ಹೋಗುತ್ತದೆ. ಮೀಟರ್ ಉದ್ದದ ಪ್ಯಾಟರ್ನನ್ನು ತುಂಡು ತುಂಡಾಗಿ ಕೊರೆದು, ಡೋವೆಲ್ ಹಾಕಿ ಫೆವಿಕಾಲ್‌ನಿಂದ ಜೋಡಿಸುವುದೇ ಮೇಲು. ಲೋಹದ್ದಾದರೆ ದೊಡ್ಡ ವಿಎಂಸಿ (ಕಾರ್ಖಾನೆಯ ಸಿಎನ್‌ಸಿ ಮಿಲ್ಲಿಂಗ್ ಯಂತ್ರ) ಇರುವವರಿಗೆ ಕೊಟ್ಟುಬಿಡಿ. ಎರಡು ಮೂರು ಕಂತಿನದನ್ನು ಧೈರ್ಯವಾಗಿ ಹಿಡಿಯಿರಿ. ಕೆಲಸ ಮುಗಿದ ಮೇಲೆ ಹೈಲಂ ಪಟ್ಟಿಯನ್ನು ಕಿತ್ತು ಬಿಸಾಡದೆ, ಅದರ ಮೇಲೆಯೇ ಮಾರ್ಕರಿನಿಂದ ಹೆಜ್ಜೆ 150, ಜಿ54ರ ಮೂರು ಸಂಖ್ಯೆ, ಕಿಂಡಿ ಯಾವ ಕಡೆ ಎಂಬುದನ್ನು ಬರೆದಿಡಿ.